ಬಾಯಿ ತುಂಬ ನೀರು

ಚೂಡಾಮಣಿ ಮೇಡಂ ಬಾಟಲಿ ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡರು; ನುಂಗಲಿಲ್ಲ. ಕೆನ್ನೆ ಉಬ್ಬಿಸಿಕೊಂಡು ಎರಡನೇ ತರಗತಿಯ ಬೋರ್ಡಿನ ಪಕ್ಕ ನಿಂತೇಬಿಟ್ಟರು. ಬಿಳೇಕಹಳ್ಳಿಯ ಆ ಸರ್ಕಾರಿ ಶಾಲೆಯಲ್ಲಿ ಅವರು ಪಾಠ ಶುರು ಮಾಡಿದರೆ ಗೇಟಿನಾಚೆ ಸೊಪ್ಪು ಮಾರುವವಳಿಗೂ ಕೇಳುತ್ತಿತ್ತು. ಅಂಥ ಬಾಯಿ ಬಂದ್ ಆಗಿದ್ದು ಕಂಡು ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಕ್ಕೆಂದರು.

ಇಷ್ಟಕ್ಕೆಲ್ಲ ಕಾರಣ ಸಮನ್ವಿತಾ. ಓದು ಕಲಿಸುವ ಬಗೆಯನ್ನು ಟೀಚರುಗಳಿಗೇ ಕಲಿಸಲು ಬಂದಿದ್ದ ಹುಡುಗಿ, ಮೇಡಂ ಮಗಳ ವಯಸ್ಸಿನವಳು. ನಿನ್ನೆ ಹಿಂದಿನ ಬೆಂಚಿನಲ್ಲಿ ಕೂತು ಪಾಠವನ್ನೆಲ್ಲ ಮೊಬೈಲಿನಲ್ಲಿ ಹಿಡಿದು, ಆಮೇಲೆ ತೋರಿಸಿ, ಮೇಡಂ ಫೋನಿಗೂ ಕಳಿಸಿದ್ದಳು. ಮೇಡಂ “ಇದು ಕಾ...?” ಎಂದರೆ ಮಕ್ಕಳು “ಗೆ!” ಎಂದು ಸೂರು ಹಾರುವಂತೆ ಕೂಗುತ್ತಿದ್ದರು. “ಮರದ ಮೇಲೆ ಕೂ...?” “ತಿದೆ!”

“ಅರ್ಧ ನೀವೇ ಓದ್ಬಿಡ್ತಿದೀರಿ ಮೇಡಂ. ಮಕ್ಳು ಬೋರ್ಡ್ ನೋಡ್ತಾನೇ ಇಲ್ಲ, ನಿಮ್ ಬಾಯಿ ನೋಡ್ತಿದಾರೆ. ಅವ್ರೇ ಓದೋವರ್ಗೂ ಸುಮ್ನೆ ಕಾಯಿರಿ.”

ಮೇಡಂಗೆ ಮೈಯೆಲ್ಲ ಉರಿದುಹೋಗಿತ್ತು. ಆದರೆ ಸಂಜೆ ಮನೆಗೆ ಹೋಗುವಾಗ ಬನಶಂಕರಿ ಬಸ್ಸಿನಲ್ಲಿ ಆ ವಿಡಿಯೋ ಮತ್ತೆ ಮತ್ತೆ ನೋಡಿದಾಗ ಉರಿ ಇಳಿದು ಹೆದರಿಕೆ ಹತ್ತಿತು. ಇಷ್ಟು ವರ್ಷ ಓದಿದ್ದು ಮಕ್ಕಳೋ, ತಾನೋ? ಬೆಳಿಗ್ಗೆ ಬಂದವರೇ ಸಮನ್ವಿತಾಳನ್ನು ಹಿಡಿದುಕೊಂಡರು. “ಸುಮ್ನೆ ಕಾಯಿರಿ ಅಂತೀಯಲ್ಲಮ್ಮ, ಈ ಬಾಯಿ ಸುಮ್ನಿರೋ ಬಾಯಲ್ಲ. ನೀರು ತುಂಬ್ಕೋತೀನಿ, ನೋಡೇಬಿಡೋಣ!”

ಪುಸ್ತಕದ ಪಾಠಗಳೆಲ್ಲ ಮಕ್ಕಳಿಗೆ ಬಾಯಿಪಾಠ. ಹಾಗಾಗಿ ಯಾರಿಗೂ ಊಹಿಸಲಾಗದ ವಾಕ್ಯವೊಂದನ್ನು ಸಮನ್ವಿತಾ ಬೋರ್ಡಿನಲ್ಲಿ ಬರೆದಿದ್ದಳು. ಮೇಡಂ ಕೈ ತೋರಿಸಿದ್ದು ರೇಣವ್ವನ ಕಡೆಗೆ. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಬಂದವರು. ಹುಡುಗಿ ಜೂನ್‌ನಿಂದ ಒಂದು ಪದವನ್ನೂ ಒಬ್ಬಳೇ ಓದಿರಲಿಲ್ಲ. ಅವಳು ಓದಿದರೆ ತನ್ನ ಪಾಠಕ್ಕೂ ಬೆಲೆ, ಇಲ್ಲದಿದ್ದರೆ ಇಲ್ಲ ಎಂದು ಮೇಡಂ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದರು.

“ಮೇ... ಷ್ಟ... ರ...” ರೇಣವ್ವ ನಿಂತಳು. ಮೇಡಂ ಬಾಯನ್ನು ನೋಡಿದಳು. ಅಲ್ಲಿ ಏನೂ ಸಿಗಲಿಲ್ಲ. ಮತ್ತೆ ಬೋರ್ಡು ನೋಡಿದಳು. “ಜೇ...”

‘ಬಿ’ ಎನ್ನುವುದು ಮೇಡಂ ಗಂಟಲಿನವರೆಗೆ ಬಂದು ನೀರಿನಲ್ಲಿ ಮುಳುಗಿತು. ಅವರ ಕಾಲಿನ ಬೆರಳುಗಳು ಚಪ್ಪಲಿಯೊಳಗೇ ಕುಣಿಯುತ್ತಿದ್ದವು. ಅಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮಾಸ್ಟರ್ ಮರುಳಸಿದ್ದಪ್ಪ ಪ್ರತ್ಯಕ್ಷರಾದರು.

“ಏನ್ ಮೇಡಂ, ನಿಮ್ ಕ್ಲಾಸ್ ಇಷ್ಟ್ ಸೈಲೆಂಟಾ? ನಂಗೆ ಗಾಬರಿ ಆಗೋಯ್ತು.” ಹತ್ತಿರ ಬಂದು ಕೆನ್ನೆ ನೋಡಿದರು. “ಅಯ್ಯೋ, ಹಲ್ಲು ನೋವಾ?”

ಮೇಡಂ ಒಮ್ಮೆ ಹೌದೆಂದು, ಒಮ್ಮೆ ಅಲ್ಲವೆಂದು ತಲೆಯಾಡಿಸಿದರು. ಸಮನ್ವಿತಾ ನಗು ತಡೆಯಲಾರದೆ ದುಪಟ್ಟಾ ಬಾಯಿಗೆ ತುರುಕಿಕೊಂಡಳು. ರೇಣವ್ವನಿಗೆ ಮಾತ್ರ ಯಾರ ಪರಿವೆಯೂ ಇರಲಿಲ್ಲ.

“ಜೇಬಿ... ನಲ್ಲಿ... ಕ... ಕಪ್ಪೆ... ಇದೆ.” ಒಂದು ಗಳಿಗೆ ಯೋಚಿಸಿ, ಅಷ್ಟನ್ನೂ ಒಂದೇ ಉಸಿರಿನಲ್ಲಿ ಕೂಗಿದಳು: “ಮೇಷ್ಟರ ಜೇಬಿನಲ್ಲಿ ಕಪ್ಪೆ ಇದೆ!”

ಮರುಳಸಿದ್ದಪ್ಪನವರ ಕೈ ತಟ್ಟನೆ ಪ್ಯಾಂಟಿನ ಜೇಬಿಗೆ ಹೋಯಿತು. ಅಷ್ಟೇ! ಮೇಡಂ ಬಾಯಿಂದ ನೀರು ಫುಸ್ಸೆಂದು ಚಿಮ್ಮಿ ಹೆಡ್‌ಮಾಸ್ಟರರ ಬಿಳಿ ಅಂಗಿ ಪೂರ್ತಿ ತೊಯ್ದುಹೋಯಿತು. ಕ್ಲಾಸಿಗೆ ಕ್ಲಾಸೇ ಬೆಂಚು ಬಡಿದು ನಕ್ಕಿತು. ಕ್ಷಮೆ ಕೇಳಬೇಕೆನ್ನುವುದೂ ಮೇಡಂಗೆ ಹೊಳೆಯಲಿಲ್ಲ. ಸಂತೋಷಕ್ಕೆ ಕಣ್ಣಲ್ಲೂ ನೀರು.

“ಇದನ್ನ ಯಾರೇ ಹೇಳ್ಕೊಟ್ಟಿದ್ದು ನಿಂಗೆ?” ಹೆಡ್‌ಮಾಸ್ಟರ್ ಮುಖ ಒರೆಸಿಕೊಳ್ಳುತ್ತ ಗದರಿದರು.

ಉತ್ತರ ಹೇಳಲು ಮೇಡಂ ಬಾಯಿ ತೆರೆದರು. ಈಗ ಅದರಲ್ಲಿ ನೀರಿರಲಿಲ್ಲ. ಆದರೂ ತುಟಿ ಬಿಗಿಹಿಡಿದು ರೇಣವ್ವನ ಕಡೆ ನೋಡುತ್ತ ಕಾದರು.

ರೇಣವ್ವ ಬೋರ್ಡಿಗೆ ಬೆರಳು ಮಾಡಿದಳು. “ಯಾರೂ ಹೇಳಿಲ್ರಿ ಸರ. ಅಲ್ಲೇ ಬರದೈತಿ ನೋಡ್ರಿ. ನಿಮಗ ಓದಾಕ ಬರಂಗಿಲ್ಲೇನ್ರಿ?”