ಬೆನಕನಿಗೆ ಮೊದಲ ಬೆಲ್ಲ

ಇವತ್ತಿಗೂ ಒಬ್ಬಟ್ಟಿಗೆ ಬೆಲ್ಲ ಕಾಯಿಸುವಾಗ, ಆ ಘಮಕ್ಕೆ, ಒಬ್ಬನನ್ನು ನೆನೆದು ನನ್ನ ಹೊಟ್ಟೆ ಉರಿಯುತ್ತದೆ.

ಎಪ್ಪತ್ತರ ದಶಕದಲ್ಲಿ ಹೊಳಲಿನ ನಮ್ಮ ಆಲೆಮನೆಯಲ್ಲಿ ಒಂದು ಮಧ್ಯಾಹ್ನ, ಕೊಪ್ಪರಿಗೆಯಿಂದ ಆಗಷ್ಟೇ ತೆಗೆದ ಬೆಲ್ಲಕ್ಕೆ ಕೈಯೊಡ್ಡಿದ್ದೆ. ಅಜ್ಜಿ ನನ್ನ ಕೈ ಸರಿಸಿ, ಮೊದಲ ಮುದ್ದೆಯನ್ನು ಬಾಳೆಲೆಯ ಚೂರಿನಲ್ಲಿ ಬೆನಕನ ಮುಂದಿಟ್ಟಳು. ಬೆನಕನೆಂದರೆ ಬೆಳಿಗ್ಗೆ ನಾನೇ ಬಾಚಿ ತಂದಿದ್ದ ಸಗಣಿಯ ಉಂಡೆ; ತಲೆಯ ಮೇಲೆ ನಾಲ್ಕು ಎಳೆ ಗರಿಕೆ. ಅವನಿಗೆ ಕೈಮುಗಿದು ಎಷ್ಟೋ ಹೊತ್ತು ನಿಂತಳು. ನನ್ನತ್ತ ತಿರುಗಲೇ ಇಲ್ಲ.

ಆಮೇಲೆ ಅದೇ ಮುದ್ದೆಯಿಂದ ಚೂರು ಮುರಿದು, ತನ್ನ ಕೆನ್ನೆಗೆ ಒತ್ತಿ ನೋಡಿ, ನನ್ನ ಬಾಯಿಗಿಟ್ಟಳು.

"ನಿಂಗೆ ಅವ್ನೇ ಎಚ್ಚು," ಅಂದೆ, ಬೆಲ್ಲ ಚೀಪುತ್ತಲೇ.

"ಊಂ ಮತ್ತೆ! ಸುಡೋದೆಲ್ಲ ಮೊದ್ಲು ಅವ್ನಿಗೇ. ಅವ್ನು ಅಳಾಕಿಲ್ಲ ಕಣವ್ವ."