ಮೇಷ್ಟ್ರ ಹೆಸರಿನಲ್ಲಿ ಒಂದು ಅಳತೆ

ಮಾರ್ಚ್ 14, ಬೆಳಿಗ್ಗೆ 7 ಗಂಟೆ 10 ನಿಮಿಷ. ತೀರಿಕೊಂಡು ಹನ್ನೊಂದು ದಿನವಾಗಿದ್ದ ಮೇಷ್ಟ್ರ ರಕ್ತದೊತ್ತಡ, ಅವರ ಮನೆಯಲ್ಲಿಟ್ಟಿದ್ದ ಬಿ.ಪಿ. ಮೆಷಿನ್‌ನಿಂದ ಬಂದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ದಾಖಲಾಯಿತು. ಅವರ ದಾಖಲೆ ಮುಚ್ಚಲು ಕೂತಿದ್ದ ನರ್ಸ್ ಕೂಡಲೇ ಮನೆಗೆ ಫೋನ್ ಮಾಡಿದಳು.

“ಪಟ್ಟಿ ನಾನೇ ಕಟ್ಕೊಂಡೆ ಕಣಮ್ಮ,” ಎಂದರು ಮೇಷ್ಟ್ರ ಹೆಂಡತಿ. “ದಿನಾ ಅವರ ತೋಳಿಗೆ ಕಟ್ತಿದ್ದೆ. ಅಳತೆ ಮುಗಿದ ತಕ್ಷಣ ‘ನಮಸ್ಕಾರ ಮೇಷ್ಟ್ರೇ’ ಅಂತ ನಿಮ್ಮ ಮೆಸೇಜ್ ಬರುತ್ತಲ್ಲ, ಅದನ್ನ ನೋಡಬೇಕು ಅನ್ನಿಸ್ತು.”

“ಅಮ್ಮಾ, ಮೆಷಿನ್ ಇವತ್ತೇ ನಿಮ್ಮ ಹೆಸರಿಗೆ ಬದಲಾಯಿಸ್ತೀನಿ. ನಿಮ್ಮ ಬಿ.ಪಿ. 164 ಇದೆ.”

“ಇರದೆ ಏನು? ನಲವತ್ತು ವರ್ಷ ಅವರ ಜೊತೆ ಏಗಿದ್ದೀನಿ.” ನಗು ಅರ್ಧಕ್ಕೇ ನಿಂತಿತು. “ಇನ್ನೊಂದೇ ಸಲ ಕಟ್ಕೊಳ್ಳಲಾ?”

ನರ್ಸ್ ಮೌಸಿನಿಂದ ಕೈ ತೆಗೆದು ಕಾದಳು. ಐದು ನಿಮಿಷದ ಮೇಲೆ ಮೇಷ್ಟ್ರ ಹೆಸರಿನ ಕೆಳಗೆ ಕೊನೆಯ ಸಾಲು ಮೂಡಿತು: 142/88.