ತಿರುವಿನಲ್ಲಿ ಊರಿದ ಕಾಲು

"ಎಂಟು ಹಾಕೋವಾಗ ತಿರುವಲ್ಲಿ ಕಾಲು ಊರಿದ್ರಲ್ಲಮ್ಮ. ಫೇಲ್," ಎಂದರು ಲೈಸೆನ್ಸ್ ಕೊಡುವ ಇನ್‌ಸ್ಪೆಕ್ಟರ್.

"ದೇವರಾಣೆಗೂ ಊರಿಲ್ಲ ಸಾರ್. ಬೇಕೂಂತಲೇ ಫೇಲ್ ಮಾಡ್ತಿದೀರಿ!"

ಅವಳಿಗೆ ಸ್ಕೂಟರ್ ಕಲಿಸಿದ್ದು ಗಂಡ. ಗಾಡಿ ವಾಲಿದಾಗಲೆಲ್ಲ ಹಿಂದೆ ಕೂತವನು ಹೆಬ್ಬೆರಳಿಲ್ಲದ ತನ್ನ ಬಲಗಾಲನ್ನು ನೆಲಕ್ಕೂರಿ, "ಬೀಳಲ್ಲ ಕಣೇ, ನಾನಿದೀನಲ್ಲ" ಎನ್ನುತ್ತಿದ್ದ. ಅವನು ತೀರಿಕೊಂಡು ಆರು ತಿಂಗಳಾಗಿತ್ತು. ಈ ಲೈಸೆನ್ಸ್ ಸಿಕ್ಕರೆ ಮಾತ್ರ ಅವಳಿಗೊಂದು ಕೆಲಸ.

ಇನ್‌ಸ್ಪೆಕ್ಟರಿಗೆ ಸಿಟ್ಟು ಬಂತು. ಅವಳನ್ನು ಮೈದಾನದ ತಿರುವಿಗೇ ಕರೆದೊಯ್ದು, ಚಕ್ರದ ಗುರುತಿನ ಪಕ್ಕಕ್ಕೆ ಕೈ ತೋರಿಸಿದರು.

"ಬೆಳಗ್ಗೆಯಿಂದ ಇಲ್ಲಿ ಗಾಡಿ ಓಡಿಸಿದ್ದು ನೀವೊಬ್ರೇ. ಇದು ಯಾರ ಕಾಲಮ್ಮ ಹಾಗಾದ್ರೆ?"

ಅವಳು ತನ್ನ ಶೂ ನೋಡಿಕೊಂಡಳು. ಹುಡಿಮಣ್ಣಿನಲ್ಲಿ ಮೂಡಿದ್ದು ಬರಿಗಾಲು, ಅದಕ್ಕೆ ಹೆಬ್ಬೆರಳಿರಲಿಲ್ಲ.